ಒಂದೇ ಕೆರೆಯ ನೀರು

ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಊಟಿ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಹಂಗಳ ಎಂಬ ಊರು ಸಿಗುತ್ತದೆ. ಮಳೆಗಾಲದಲ್ಲಿ ಈ ದಾರಿಯ ಎರಡೂ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿ ನಿಂತಿರುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ನೇರ ಹೋದರೆ ಮೇಲುಕಾಮನಹಳ್ಳಿ, ಆಮೇಲೆ ಬಂಡೀಪುರದ ಕಾಡು.

ಬಂಡೀಪುರಕ್ಕೆ ಹೋದವರನ್ನು ಊರಿಗೆ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಹುಲಿ ಕಂಡಿತೇ?’ ಹುಲಿಯ ಸುದ್ದಿ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಈ ಸಲ ನಾನು ಹೇಳಹೊರಟಿರುವುದು ಜಿಂಕೆ ಮತ್ತು ಹಸುವಿನ ಕಥೆ. ಒಂದು ಕಾಡಿನದು, ಇನ್ನೊಂದು ಕೊಟ್ಟಿಗೆಯದು. ಒಂದಕ್ಕೆ ಬಂದ ಕಾಯಿಲೆ ಇನ್ನೊಂದಕ್ಕೆ ಹೇಗೆ ಅಂಟುತ್ತದೆ, ಅದನ್ನು ತಡೆಯುವ ಸುಲಭದ ದಾರಿ ಎಲ್ಲಿದೆ ಎಂಬುದು ಆ ಊರುಗಳ ಕಡೆ ಓಡಾಡಿದರೆ ಕಣ್ಣಿಗೇ ಕಾಣುತ್ತದೆ.

ಬೆಟ್ಟದ ಮೇಲಿನ ಗೋಪಾಲ

ಮೊಮ್ಮಗಳಿಗೆ ಆರನೇ ತರಗತಿ, ಮೊಮ್ಮಗನಿಗೆ ಮೂರನೆಯದು. ಇಬ್ಬರನ್ನೂ ಕರೆದುಕೊಂಡು ಮೊದಲು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ನಮ್ಮ ವಾಹನವನ್ನು ಬೆಟ್ಟದ ಬುಡದಲ್ಲೇ ಬಿಡಬೇಕು. ಅಲ್ಲಿಂದ ಮೇಲಕ್ಕೆ ಸರ್ಕಾರಿ ಬಸ್ಸು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,450 ಮೀಟರಿಗೂ ಹೆಚ್ಚು. ಹೆಸರಿಗೆ ತಕ್ಕಂತೆ ಮಂಜು ಮುಚ್ಚಿಕೊಂಡಿತ್ತು. ಗುಡಿಯೊಳಗೆ ಕೊಳಲು ಹಿಡಿದ ವೇಣುಗೋಪಾಲ, ದನ ಕಾಯುವ ದೇವರು.

ಮಂಜು ಸರಿದಾಗ ಬೆಟ್ಟದ ತುದಿಯಿಂದ ಎರಡು ಲೋಕ ಒಟ್ಟಿಗೆ ಕಾಣುತ್ತವೆ. ಒಂದು ಕಡೆ ಹೊಲ, ಊರು, ಕೆರೆ, ತೆಂಗಿನ ಮರ. ಇನ್ನೊಂದು ಕಡೆ ಕಣ್ಣು ಹಾಯುವಷ್ಟೂ ದೂರ ಕಾಡು. ನಡುವೆ ದೊಡ್ಡ ಗೋಡೆಯೇನೂ ಇಲ್ಲ.

‘ತಾತ, ದನ ಕಾಯೋ ದೇವರು ಹುಲಿ ಇರೋ ಕಾಡಲ್ಲಿ ಯಾಕಿದಾನೆ?’ ಎಂದು ಮೊಮ್ಮಗ ಕೇಳಿದ.

ಚೆನ್ನಾಗಿರುವ ಪ್ರಶ್ನೆಯೇ. ಈ ಕಾಡಿಗೆ ಮೊದಲು ಇಟ್ಟ ಹೆಸರೂ ಈ ದೇವರದ್ದೇ. 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಪ್ರಾಣಿಗಳಿಗೆಂದು ಕಾಯ್ದಿರಿಸಿದರು. ಅದನ್ನು 1941ರಲ್ಲಿ 800 ಚದರ ಕಿಲೋಮೀಟರಿಗೂ ಹೆಚ್ಚಿಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದರು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆದರೆ ಈ ಸೀಮೆಯ ಜನ ಅದಕ್ಕೂ ಎಷ್ಟೋ ಮುಂಚಿನಿಂದ ದನ ಸಾಕಿದವರು. ಬೆಳಗ್ಗೆ ಹಟ್ಟಿಯಿಂದ ಬಿಟ್ಟ ದನ ಕಾಡಿನ ಅಂಚಿನಲ್ಲಿ ಮೇಯ್ದು ಸಂಜೆ ಮನೆಗೆ ಬರುತ್ತಿತ್ತು. ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆಂದೇ ನಾಟಿ ದನಗಳ ದೊಡ್ಡ ದೊಡ್ಡ ಹಿಂಡು ಇಟ್ಟುಕೊಂಡ ಮನೆಗಳಿದ್ದವು. 1990ರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಹಂಗಳದ ಸುತ್ತಿನ ಊರುಗಳ ಸಗಣಿ ಗೊಬ್ಬರ ಲಾರಿ ಹತ್ತಿ ಕಾಫಿ ತೋಟಗಳಿಗೆ ಹೋಗುತ್ತಿತ್ತು. ಕಾಡಿನಲ್ಲಿ ಮೇಯ್ದ ದನದ ಸಗಣಿ ಯಾರದೋ ತೋಟದಲ್ಲಿ ಕಾಫಿ ಆಗುತ್ತಿತ್ತು ನೋಡಿ!

ಕೆಸರಿನಲ್ಲಿ ಕಂಡ ಗುರುತು

ಬೆಟ್ಟದಿಂದ ಇಳಿದು ಪರಿಚಯದವರ ಮನೆಯಿದ್ದ ಒಂದು ಹಳ್ಳಿಗೆ ಹೋದೆವು. ಊರಾಚೆ ಒಂದು ಕೆರೆ. ಕೆರೆಯ ಆಚೆ ದಡಕ್ಕೆ ಲಂಟಾನದ ಪೊದೆ, ಅದರ ಹಿಂದೆ ಕಾಡು. ಈಚೆ ದಡದಲ್ಲಿ ಒಬ್ಬರು ಹಿರಿಯರು ಟವೆಲ್ ಸುತ್ತಿಕೊಂಡು ಕೂತಿದ್ದರು. ಅವರ ಐದಾರು ದನಗಳು ನೀರು ಕುಡಿಯುತ್ತಿದ್ದವು.

‘ಹುಷಾರು ಕೂಸೇ, ಕೆಸರದೆ’ ಎಂದರು ಮೊಮ್ಮಗಳಿಗೆ.

ಅವಳು ಕೆಸರನ್ನೇ ನೋಡುತ್ತಿದ್ದಳು. ಅಲ್ಲಿ ನೂರಾರು ಗೊರಸಿನ ಗುರುತು. ದೊಡ್ಡವು ದನದವು. ಅವುಗಳ ನಡುವೆ ಚಿಕ್ಕ ಚಿಕ್ಕವು, ಚೂಪು ಮೂತಿಯವು.

‘ಅವು ಜಿಂಕೆಯವು. ರಾತ್ರಿ ಬತ್ತವೆ. ಹೊತ್ತಾರೆ ನಮ್ಮವು ಬತ್ತವೆ’ ಎಂದರು ಹಿರಿಯರು.

‘ತಾತ, ಎರಡೂ ಒಂದೇ ಥರ ಇದೆ. ಮಧ್ಯದಲ್ಲಿ ಸೀಳಿದೆ’ ಎಂದಳು ಮೊಮ್ಮಗಳು.

ಅವಳು ಕಂಡದ್ದು ಸಣ್ಣ ವಿಷಯವಲ್ಲ. ಮಕ್ಕಳೇ, ನೀವೂ ಒಮ್ಮೆ ಗಮನಿಸಿ. ಕುದುರೆ, ಕತ್ತೆಯ ಗೊರಸು ಒಂದೇ ಗಟ್ಟಿ ತುಂಡು. ಹಸು, ಎಮ್ಮೆ, ಕುರಿ, ಮೇಕೆ, ಹಂದಿಗಳದ್ದು ಸೀಳು ಗೊರಸು. ಕಾಡಿನಲ್ಲಿರುವ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕಾಟಿ, ಕಾಡುಹಂದಿಗಳದ್ದೂ ಸೀಳು ಗೊರಸೇ. ಜಿಂಕೆ, ಕಡವೆ, ಕಾಟಿಗಳು ಹಸುವಿನ ಹಾಗೆ ಮೆಲುಕೂ ಹಾಕುತ್ತವೆ. ಅಂದರೆ ಇವೆಲ್ಲ ದೂರದ ನೆಂಟರು. ನೆಂಟರ ಮೈ ಒಂದೇ ಬಗೆಯದಾದ್ದರಿಂದ ಒಬ್ಬರನ್ನು ಹಿಡಿಯುವ ಕೆಲವು ರೋಗ ಇನ್ನೊಬ್ಬರನ್ನೂ ಹಿಡಿಯುತ್ತವೆ. ಒಂದೇ ಕೆರೆಯ ನೀರು, ಒಂದೇ ಬಯಲಿನ ಹುಲ್ಲು ಸಾಕು. ದನದ ಜೊಲ್ಲು ಬಿದ್ದ ಹುಲ್ಲಿಗೆ ರಾತ್ರಿ ಜಿಂಕೆ ಬಾಯಿ ಹಾಕಿದರೆ ರೋಗಕ್ಕೆ ಸೇತುವೆ ಕಟ್ಟಿಕೊಟ್ಟ ಹಾಗೆ.

ದೊಡ್ಡರೋಗ ಬಂದ ವರ್ಷ

‘ಯಜಮಾನರೇ, ನಿಮ್ಮ ಕಾಲದಲ್ಲಿ ದನಗಳಿಗೆ ರೋಗ ಬಂದದ್ದು ನೋಡಿದ್ದೀರಾ?’ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೋಡಿವ್ನಿ ಮೇಷ್ಟ್ರೇ. ಆಗ ನಾನು ಈ ಕೂಸಷ್ಟಿದ್ದೆ. ದೊಡ್ಡರೋಗ ಅಂತಿದ್ರು. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ವಾರ ಅನ್ನೋದ್ರೊಳಗೆ ಮಲಗಿಬಿಡೋವು. ನಮ್ಮಪ್ಪಂದು ಒಂದು ಜೋಡಿ ಎತ್ತು ಇದ್ದೋ. ಒಂದು ಹೋಯ್ತು. ಉಳಿದ ಒಂದನ್ನ ಕಟ್ಕೊಂಡು ಏನು ಉಳೋದು? ಆ ವರ್ಷ ನಮ್ಮಪ್ಪ ಕೂಲಿಗೆ ಹೋದ.’

‘ಕಾಡಿನ ಪ್ರಾಣಿಗಳಿಗೆ?’

‘ಕಾಟಿ ಸತ್ತೋದೋ ನೋಡಿ! ಹಳ್ಳದ ದಂಡೇಲಿ, ಕೆರೆ ಅಂಚಲ್ಲಿ, ನೀರು ಹುಡುಕ್ಕೊಂಡು ಬಂದು ಬಿದ್ದಿದ್ದೋ. ಗಾಳಿ ಬೀಸಿದ್ರೆ ಊರಿಗೆ ವಾಸನೆ. ಅಷ್ಟು ದೊಡ್ಡ ಪ್ರಾಣಿ, ಗುಬ್ಬಿ ಬಿದ್ದಂಗೆ ಬಿದ್ದಿತ್ತು.’

ಹಿರಿಯರು ಹೇಳಿದ್ದು ದಾಖಲೆಗಳಲ್ಲೂ ಇರುವ ಸಂಗತಿ. 1968ರಲ್ಲಿ ಬಂಡೀಪುರ ಮತ್ತು ಪಕ್ಕದ ಮುದುಮಲೆ ಕಾಡುಗಳಿಗೆ ದೊಡ್ಡರೋಗ ನುಗ್ಗಿ ಕಾಟಿಗಳ ಹಿಂಡುಗಳನ್ನೇ ಒರೆಸಿಹಾಕಿತು. ಇಂಗ್ಲಿಷಿನಲ್ಲಿ ಇದನ್ನು ರಿಂಡರ್‌ಪೆಸ್ಟ್ ಎನ್ನುತ್ತಾರೆ. ಅದು ಜರ್ಮನ್ ಮೂಲದ ಮಾತು, ದನಗಳ ಮಾರಿ ಎಂದರ್ಥ. ಮಕ್ಕಳಿಗೆ ಬರುವ ದಡಾರದ ವೈರಾಣುವಿಗೆ ಈ ರೋಗದ ವೈರಾಣು ಹತ್ತಿರದ ಸಂಬಂಧಿ. ಕಾಟಿ ದನದ ಹತ್ತಿರದ ನೆಂಟ. ಅದಕ್ಕೇ ಅದರ ಮೇಲೆ ರೋಗದ ಪೆಟ್ಟು ಹೆಚ್ಚು. ಜಿಂಕೆ, ಕಡವೆಗಳಿಗೂ ಇದು ತಗಲುತ್ತಿತ್ತು. ಜ್ವರ ಮತ್ತು ಭೇದಿಯಿಂದ ಮೈಯ ನೀರೆಲ್ಲ ಹೋಗುವುದರಿಂದ ಪ್ರಾಣಿಗಳು ನೀರಿನ ಕಡೆಗೇ ಬರುತ್ತಿದ್ದವು. ಅಲ್ಲಿಯೇ ಸಾಯುತ್ತಿದ್ದವು. ಅದೇ ನೀರಿಗೆ ಬೆಳಗಾದರೆ ಊರ ದನ ಬರುತ್ತಿತ್ತು.

ನಮ್ಮ ಅಜ್ಜ–ಅಜ್ಜಿಯರ ಕಾಲದಲ್ಲಿ ಈ ರೋಗದ ಹೆಸರೆತ್ತಿದರೆ ಊರು ನಡುಗುತ್ತಿತ್ತು. ಟ್ರ್ಯಾಕ್ಟರ್ ಇಲ್ಲದ ದಿನಗಳು. ಎತ್ತು ಸತ್ತರೆ ಉಳುಮೆ ನಿಂತಿತು, ಗಾಡಿ ನಿಂತಿತು, ಕಪಿಲೆ ಬಾವಿಯ ನೀರೂ ನಿಂತಿತು. ಊರ ಗಡಿಯಲ್ಲಿ ಮಾರಮ್ಮನಿಗೆ ಹರಕೆ ಹೊರುವುದು, ಬೇರೆ ಊರಿನ ದನ ಒಳಗೆ ಬಾರದಂತೆ ಕಾಯುವುದು ಬಿಟ್ಟರೆ ಜನರಿಗೆ ಬೇರೆ ದಾರಿಯಿರಲಿಲ್ಲ. ಆ ಎರಡನೆಯ ಕೆಲಸದಲ್ಲಿ ಒಳ್ಳೆಯ ಬುದ್ಧಿಯಿತ್ತು. ರೋಗದ ದನವನ್ನು ದೂರ ಇಡುವುದು ಇಂದಿನ ವೈದ್ಯರೂ ಹೇಳುವ ಮೊದಲ ಮಾತು.

ಸೂಜಿಯಿಂದ ಗೆದ್ದ ಯುದ್ಧ

‘ಈಗಲೂ ಆ ರೋಗ ಬರುತ್ತಾ ತಾತ?’ ಎಂದ ಮೊಮ್ಮಗ, ಹಿರಿಯರ ದನಗಳ ಕಡೆ ಹೆದರಿ ನೋಡುತ್ತ.

ಇಲ್ಲ. ದೊಡ್ಡರೋಗ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮನುಷ್ಯರು ಪೂರ್ತಿ ಅಳಿಸಿಹಾಕಿದ ರೋಗಗಳು ಎರಡೇ ಎರಡು. ಮೊದಲನೆಯದು ಸಿಡುಬು, ಅದು ಹೋಯಿತೆಂದು ಸಾರಿದ್ದು 1980ರಲ್ಲಿ. ಎರಡನೆಯದು ದೊಡ್ಡರೋಗ, 2011ರಲ್ಲಿ.

ಆ ಗೆಲುವಿನ ಹಿಂದೆ ಬಹಳ ಜನರ ದುಡಿಮೆಯಿದೆ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲೇ 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ತೆರೆದು ಈ ರೋಗಕ್ಕೆ ಔಷಧ ತಯಾರಿಸಲು ಶುರುಮಾಡಿದರು. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದೇ ಬೇರಿನ ಮರ. ಹಿಮಾಲಯದ ತಪ್ಪಲಿನ ಮುಕ್ತೇಶ್ವರದಲ್ಲಿದ್ದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಈ ವೈರಾಣುವನ್ನು ಮೇಕೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸಾಧುಮಾಡಿ ಲಸಿಕೆ ತಯಾರಿಸಿದರು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಅದಕ್ಕಿಂತ ಸೌಮ್ಯವಾದ, ಎಲ್ಲ ತಳಿಯ ದನಗಳಿಗೂ ಒಗ್ಗುವ ಲಸಿಕೆ ಕಂಡುಹಿಡಿದರು. ಭಾರತದಲ್ಲಿ 1954ರಿಂದ ಊರೂರಿಗೆ ಹೋಗಿ ದನಗಳಿಗೆ ಚುಚ್ಚುಮದ್ದು ಹಾಕುವ ರಾಷ್ಟ್ರೀಯ ಕಾರ್ಯಕ್ರಮ ನಡೆಯಿತು. ಐಸ್ ತುಂಬಿದ ಪೆಟ್ಟಿಗೆ ಹೊತ್ತು, ಸೈಕಲ್ ತುಳಿದು, ಹೊಳೆ ದಾಟಿ ಹೋದ ಸಿಬ್ಬಂದಿಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ದೇಶದಲ್ಲಿ ರೋಗ ಕೊನೆಯ ಬಾರಿ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತವೆಂದು ಲೋಕ ಒಪ್ಪಿತು.

ಈಗ ಒಂದು ಯೋಚನೆ ಮಾಡಿ. ಲಸಿಕೆ ಹಾಕಿದ್ದು ದನಗಳಿಗೆ. ಕಾಟಿಗೆ, ಜಿಂಕೆಗೆ, ಕಡವೆಗೆ ಯಾರು ಹಾಕಿದರು? ಯಾರೂ ಹಾಕಲಿಲ್ಲ. ಹಾಕಲು ಸಾಧ್ಯವೂ ಇರಲಿಲ್ಲ. ಸಾವಿರಾರು ಜಿಂಕೆಗಳನ್ನು ಹಿಡಿಯುವವರು ಯಾರು? ಹಿಡಿದರೆ ಗಾಬರಿಯಲ್ಲೇ ಅವು ಸಾಯಬಹುದು. ಆದರೂ ಕಾಡಿನಿಂದ ರೋಗ ಹೋಯಿತು. ಏಕೆಂದರೆ ಆ ರೋಗ ದನಗಳಲ್ಲಿ ಬದುಕುತ್ತಿತ್ತು. ಅಲ್ಲಿಂದ ಕಾಡಿಗೆ ಮತ್ತೆ ಮತ್ತೆ ಹರಿಯುತ್ತಿತ್ತು. ಊರಿನಲ್ಲಿ ಒಲೆ ಆರಿದ ಮೇಲೆ ಕಾಡಿನಲ್ಲಿ ಹೊಗೆ ತಾನಾಗಿ ನಿಂತಿತು.

ಇದನ್ನು ಇನ್ನೂ ಚೆನ್ನಾಗಿ ತೋರಿಸಿಕೊಟ್ಟದ್ದು ಆಫ್ರಿಕದ ಸೆರೆಂಗೆಟಿ ಬಯಲು. ಟಿವಿಯಲ್ಲಿ ಲಕ್ಷಾಂತರ ವಿಲ್ಡಬೀಸ್ಟ್‌ಗಳು ಹೊಳೆ ದಾಟುವುದನ್ನು ನೀವು ನೋಡಿರಬಹುದು. 1961ರ ಸುಮಾರಿಗೆ ಅಲ್ಲಿ ಅವು ಇದ್ದದ್ದು ಎರಡೂವರೆ ಲಕ್ಷದಷ್ಟು ಮಾತ್ರ. ದೊಡ್ಡರೋಗ ಮರಿಗಳನ್ನು ಬೆಳೆಯಲು ಬಿಡುತ್ತಿರಲಿಲ್ಲ. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದರು. 1970ರ ದಶಕದ ಕೊನೆಯ ಹೊತ್ತಿಗೆ ವಿಲ್ಡಬೀಸ್ಟ್‌ಗಳ ಸಂಖ್ಯೆ 13 ಲಕ್ಷಕ್ಕೆ ಏರಿತ್ತು. ಸೂಜಿ ಚುಚ್ಚಿಸಿಕೊಂಡದ್ದು ಹಸು, ಉಳಿದದ್ದು ಕಾಡಿನ ಮರಿ!

ನಮ್ಮ ಬಂಡೀಪುರದಲ್ಲೂ ಕಾಟಿಗಳ ಹಿಂಡು ಮತ್ತೆ ಬೆಳೆದಿದೆ. ಸಫಾರಿಗೆ ಹೋದಾಗ ನಮಗೆ ಹುಲಿ ಸಿಗಲಿಲ್ಲ. ಬಿಳಿ ಕಾಲುಚೀಲ ಹಾಕಿಕೊಂಡಂತೆ ಕಾಣುವ ಕಾಟಿಗಳು ಮಾತ್ರ ಕರುಗಳ ಜೊತೆ ದಾರಿಯ ಪಕ್ಕದಲ್ಲೇ ಮೇಯುತ್ತಿದ್ದವು.

ಇನ್ನೂ ಸೋಲದ ಶತ್ರು

ದೊಡ್ಡರೋಗ ಹೋಯಿತು, ಸರಿ. ಕಾಲುಬಾಯಿ ಜ್ವರ ಹೋಗಿಲ್ಲ. ಇದು ಸೀಳು ಗೊರಸಿನವರ ರೋಗ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರೋಷ್ ಎಂಬ ವಿಜ್ಞಾನಿಗಳು ಈ ರೋಗ ತರುವ ವಸ್ತು ಬಹಳ ನವುರಾದ ಸೋಸುಕದಲ್ಲೂ ತೂರಿಹೋಗುವಷ್ಟು ಸಣ್ಣದು ಎಂದು ತೋರಿಸಿದರು. ಪ್ರಾಣಿಗಳಿಗೆ ರೋಗ ತರುವ ವೈರಾಣುಗಳಲ್ಲಿ ಮೊದಲು ಪತ್ತೆಯಾದದ್ದು ಇದೇ.

ಬಾಯಲ್ಲಿ, ನಾಲಿಗೆಯ ಮೇಲೆ, ಗೊರಸಿನ ಸಂದಿನಲ್ಲಿ ಗುಳ್ಳೆ ಏಳುತ್ತವೆ. ಒಡೆದು ಹುಣ್ಣಾಗುತ್ತವೆ. ದನ ಜೊಲ್ಲು ಸುರಿಸುತ್ತದೆ, ಮೇಯುವುದಿಲ್ಲ, ಕುಂಟುತ್ತದೆ. ದೊಡ್ಡ ದನಗಳು ಬಹಳಷ್ಟು ಸಲ ಉಳಿದುಕೊಳ್ಳುತ್ತವೆ. ಆದರೆ ಹಾಲು ಮೊದಲಿನಂತೆ ಬರುವುದಿಲ್ಲ, ದುಡಿಯುವ ಶಕ್ತಿಯೂ ಕುಗ್ಗುತ್ತದೆ. ಎಳೆಗರುಗಳ ಹೃದಯಕ್ಕೇ ಪೆಟ್ಟು ಬಿದ್ದು ಇದ್ದಕ್ಕಿದ್ದಂತೆ ಸಾಯುವುದುಂಟು. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗ ಹಬ್ಬಿ ಸಾವಿರಾರು ದನಗಳು ಸತ್ತವು. ಹಾಲು ಮಾರಿ ಮಕ್ಕಳ ಫೀಸು ಕಟ್ಟುತ್ತಿದ್ದ ಎಷ್ಟೋ ಮನೆಗಳ ಲೆಕ್ಕವೇ ತಪ್ಪಿಹೋಯಿತು.

ಇದೇ ವೈರಾಣು ಜಿಂಕೆಗೆ ಅಂಟಿದರೆ? ಕೊಟ್ಟಿಗೆಯಲ್ಲಿ ಕುಂಟುವ ಹಸುವಿಗೆ ಗಂಜಿ ಕುಡಿಸುವವರು ಇದ್ದಾರೆ. ಹುಣ್ಣು ತೊಳೆದು ಮದ್ದು ಹಚ್ಚುವವರು ಇದ್ದಾರೆ. ಕಾಡಿನಲ್ಲಿ ಕುಂಟುವ ಜಿಂಕೆಗೆ ಸೀಳುನಾಯಿಯ ಗುಂಪು ಕಾದಿರುತ್ತದೆ. ಕುಂಟಿದ ದಿನವೇ ಅದರ ಕೊನೆಯ ದಿನ ಆಗಬಹುದು.

ಮೊಮ್ಮಗಳ ಕಣ್ಣು ಹಿರಿಯರ ಹಸುವಿನ ಕಿವಿಯ ಮೇಲಿತ್ತು. ‘ಅಜ್ಜ, ಇದಕ್ಕೆ ಹಳದಿ ಓಲೆ ಯಾಕೆ ಹಾಕಿದೀರಾ?’

‘ಅದು ಓಲೆಯಲ್ಲ ಕನವ್ವ, ಅದರ ಆಧಾರು!’ ಎಂದು ಹಿರಿಯರು ನಕ್ಕರು.

ನಿಜ, ಅದರ ಮೇಲೆ 12 ಅಂಕಿಗಳ ಸಂಖ್ಯೆಯಿರುತ್ತದೆ. ಯಾವ ದನ, ಯಾರ ಮನೆಯದು, ಯಾವಾಗ ಲಸಿಕೆ ಆಯಿತು ಎಂಬುದೆಲ್ಲ ಆ ಸಂಖ್ಯೆಯ ಹೆಸರಿನಲ್ಲಿ ದಾಖಲಾಗುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ಆರು ತಿಂಗಳಿಗೊಮ್ಮೆ ಏಕೆಂದರೆ ಈ ಲಸಿಕೆಯ ಬಲ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದು ಸಲ ತಪ್ಪಿದರೆ ಬಾಗಿಲು ತೆರೆದ ಹಾಗೆ.

ಗೊಡ್ಡು ದನಕ್ಕೆ ಸೂಜಿ ಯಾಕೆ?

ಮಾರನೆಯ ದಿನ ಬೆಳಗ್ಗೆ ಆ ಊರಿಗೆ ಲಸಿಕೆ ಹಾಕುವವರು ಬರುವವರಿದ್ದರು. ಹಿಂದಿನ ಸಂಜೆ ಹಿರಿಯರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಅದರದ್ದೇ ಮಾತು ಬಂತು.

‘ಮಾವ, ನಾಳೆ ಎರಡು ಸೀಮೆ ಹಸು ಮಾತ್ರ ಹಿಡ್ಕೊಂಡು ಹೋಗ್ತೀನಿ. ನಿಮ್ಮ ನಾಟಿ ದನ ಬೇಡ. ಅವನ್ನ ಹಿಡಿಯೋರು ಯಾರು? ಹಾಲೂ ಕೊಡಲ್ಲ, ಏನೂ ಇಲ್ಲ’ ಎಂದರು ಅವರ ಸೊಸೆ. ಆಮೇಲೆ ನನ್ನ ಕಡೆ ತಿರುಗಿ, ‘ಹಸುಗೆ ಹಾಕ್ಸಿದ್ರೂ ಎರಡು ದಿನ ಹಾಲು ಕಮ್ಮಿ ಆಗ್ತದೆ ಸಾರ್. ಡೇರಿ ದುಡ್ಡಲ್ಲೇ ಎಲ್ಲಾ ನಡೀಬೇಕು’ ಎಂದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಚುಚ್ಚುಮದ್ದಾದ ಮೇಲೆ ಕೆಲವು ಹಸುಗಳಿಗೆ ಸ್ವಲ್ಪ ಜ್ವರ ಬರುತ್ತದೆ. ಒಂದೆರಡು ದಿನ ಹಾಲು ಇಳಿದು ಮತ್ತೆ ಸರಿಹೋಗುತ್ತದೆ. ದಿನದ ದುಡ್ಡನ್ನು ದಿನವೇ ಲೆಕ್ಕ ಹಾಕುವ ಮನೆಗೆ ಅದೂ ಲೆಕ್ಕವೇ.

ಹಿರಿಯರು ಲೋಟ ಕೆಳಗಿಟ್ಟರು. ‘ಅಲ್ಲ ಕನವ್ವ, ನಿನ್ನ ಸೀಮೆ ಹಸು ಎಲ್ಲಿರ್ತದೆ? ಕೊಟ್ಟಿಗೇಲಿ. ಹುಲ್ಲು ನೀರು ಅಲ್ಲೇ. ಕೆರೆಗೆ ಹೋಗೋದು ಯಾವುದು? ಕಾಡಂಚಲ್ಲಿ ಜಿಂಕೆ ಮೇಯ್ದ ಜಾಗದಲ್ಲಿ ಮೇಯೋದು ಯಾವುದು? ನನ್ನ ನಾಟಿ ದನ. ಅದು ಸಂಜೆ ಬಂದು ನಿನ್ನ ಹಸು ಪಕ್ಕದಲ್ಲೇ ಮಲಗ್ತದೆ. ಬಾಗಿಲು ಬಿಟ್ಟು ಕಿಟಕಿಗೆ ಬೀಗ ಹಾಕ್ತೀಯಾ?’

ಸೊಸೆ ಏನೂ ಹೇಳಲಿಲ್ಲ. ಒಳಗೆ ಹೋದರು.

ಆ ಒಂದು ಮಾತಿನಲ್ಲಿ ಇಡೀ ವಿಷಯ ಇತ್ತು. ಹೆಚ್ಚು ಹಾಲು ಕೊಡುವ ಹಸುವಿಗೆ ಎಲ್ಲರೂ ಲಸಿಕೆ ಹಾಕಿಸುತ್ತಾರೆ. ಆದರೆ ಜಿಂಕೆಯನ್ನು ದಿನವೂ ಭೇಟಿಯಾಗುವುದು ಹಾಲು ಕೊಡದ ದನ, ಬೀದಿಗೆ ಬಿಟ್ಟ ಹೋರಿ, ಮೇಕೆ ಹಿಂಡು. ಕಾಡಿಗೂ ಊರಿಗೂ ನಡುವೆ ಓಡಾಡುವ ಅಂಚೆಯಾಳು ಅದೇ. ಮೊದಲು ಸೂಜಿ ಬೇಕಾದದ್ದೂ ಅದಕ್ಕೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆಮೇಲೆ ಸೇರಿಸಿದ ಒಂದು ಸೆಕ್ಷನ್ ಇದೇ ಮಾತು ಹೇಳುತ್ತದೆ: ಅಭಯಾರಣ್ಯದಿಂದ 5 ಕಿಲೋಮೀಟರ್ ಒಳಗಿನ ದನಕರುಗಳಿಗೆ ಅಂಟುರೋಗದ ಲಸಿಕೆ ಹಾಕಿಸುವ ಏರ್ಪಾಡು ಆಗಬೇಕು.

ಬೆಳಗ್ಗೆ ಶಾಲೆಯ ಮುಂದಿನ ಬಯಲಿನಲ್ಲಿ ದನಗಳ ಸಾಲು. ಐಸ್ ಪೆಟ್ಟಿಗೆಯಿಂದ ಸೀಸೆ ತೆಗೆದು ಸಿಬ್ಬಂದಿ ಒಂದೊಂದಕ್ಕೂ ಸೂಜಿ ಹಾಕುತ್ತಿದ್ದರು. ಕಿವಿಯ ಸಂಖ್ಯೆ ಓದಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಿರಿಯರ ಸೊಸೆ ಎರಡು ಸೀಮೆ ಹಸುಗಳನ್ನು ಹಿಡಿದುಕೊಂಡು ಬಂದರು. ಅವರ ಹಿಂದೆ ಹಿರಿಯರ ಮೊಮ್ಮಗ ಮತ್ತು ಪಕ್ಕದ ಮನೆಯ ಇಬ್ಬರು ಹುಡುಗರು ಐದು ನಾಟಿ ದನಗಳನ್ನು ಎಳೆದುಕೊಂಡು ಬರುತ್ತಿದ್ದರು. ಒಂದು ಕೆಂದ ಹಸು ಮಾತ್ರ ಕಿತ್ತುಕೊಂಡು ಓಡಿತು. ಅದನ್ನು ಹಿಡಿಯಲು ಅರ್ಧ ಊರೇ ಓಡಿತು. ನನ್ನ ಮೊಮ್ಮಗನೂ ಓಡಿದ. ಕೊನೆಗೆ ಒಂದು ಹಿಡಿ ಬೆಲ್ಲ ತೋರಿಸಿ ಹಿಡಿದದ್ದು ಅದೇ ಸೊಸೆ!

ಕಾಡಿನಿಂದ ಮರಳಿ ಬರುವ ರೋಗ

ರೋಗ ಊರಿನಿಂದ ಕಾಡಿಗೆ ಹೋಗುವುದನ್ನು ನೋಡಿದೆವು. ಕಾಡಿನಲ್ಲಿ ಅದು ಬೇರೂರಿದರೆ ಮರಳಿ ಬರುವುದೂ ಉಂಟು. ಇದಕ್ಕೆ ಲೋಕವೆಲ್ಲ ಉದಾಹರಣೆ ಕೊಡುವುದು ಅಮೆರಿಕದ ಮಿಷಿಗನ್ ರಾಜ್ಯದ್ದು. ಅಲ್ಲಿ ದನಗಳಿಗೆ ಕ್ಷಯರೋಗ ಇದ್ದ ಹಳೆಯ ಕಾಲದಲ್ಲಿ ಅದು ಬಿಳಿಬಾಲದ ಜಿಂಕೆಗಳಿಗೆ ಅಂಟಿತು. ಆಮೇಲೆ ದನಗಳ ರೋಗವನ್ನು ಕಷ್ಟಪಟ್ಟು ಅಳಿಸಿದರು. ಆದರೆ 1994ರಲ್ಲಿ ಬೇಟೆಗಾರನೊಬ್ಬ ಹೊಡೆದ ಜಿಂಕೆಯ ಮೈಯಲ್ಲಿ ಕ್ಷಯ ಕಂಡಿತು. ಹುಡುಕಿದರೆ ಇನ್ನೂ ಹಲವು ಜಿಂಕೆಗಳಲ್ಲಿತ್ತು. 1998ರಲ್ಲಿ ಅದು ದನಗಳಿಗೆ ಮರಳಿ ಬಂದದ್ದು ಪತ್ತೆಯಾಯಿತು.

ಜಿಂಕೆಗಳಲ್ಲಿ ರೋಗ ಅಷ್ಟು ಕಾಲ ಉಳಿದದ್ದು ಹೇಗೆ? ಜನ ಅವಕ್ಕೆ ತಿನ್ನಲು ಹಾಕುತ್ತಿದ್ದರು. ಚಳಿಗಾಲದಲ್ಲಿ ಹಸಿದಿರುತ್ತವೆಂದು ಕೆಲವರು, ಬೇಟೆಗೆ ಹತ್ತಿರ ಬರಲೆಂದು ಕೆಲವರು ಕ್ಯಾರೆಟ್, ಬೀಟ್‌ರೂಟ್, ಜೋಳದ ರಾಶಿಯನ್ನೇ ಸುರಿಯುತ್ತಿದ್ದರು. ಚದುರಿ ಮೇಯಬೇಕಾದ ಜಿಂಕೆಗಳು ಒಂದೇ ರಾಶಿಗೆ ಮೂತಿ ಹಾಕಿದವು. ಒಂದರ ಜೊಲ್ಲು ಇನ್ನೊಂದರ ಬಾಯಿಗೆ. ಕೊನೆಗೆ ಅಲ್ಲಿ ಜಿಂಕೆಗಳಿಗೆ ಆಹಾರ ಹಾಕುವುದನ್ನೇ ನಿಷೇಧಿಸಬೇಕಾಯಿತು.

ಬಂಡೀಪುರದ ಹೆದ್ದಾರಿಯಲ್ಲಿ ಹೋಗುವಾಗ ಇದು ನಮಗೂ ನೆನಪಿರಬೇಕು. ದಾರಿಯ ಪಕ್ಕ ಜಿಂಕೆ ಕಂಡೊಡನೆ ಕಾರು ನಿಲ್ಲಿಸಿ ಬಾಳೆಹಣ್ಣು, ಬಿಸ್ಕತ್ತು ಎಸೆಯುವವರಿದ್ದಾರೆ. ಹಾಗೆ ನಿಲ್ಲಿಸುವುದೂ ತಪ್ಪು, ತಿನ್ನಿಸುವುದೂ ತಪ್ಪು. ಹಸಿದವರಿಗೆ ಉಣಬಡಿಸುವುದು ನಮ್ಮ ಮನೆಗಳ ಒಳ್ಳೆಯ ಪಾಠ. ಆದರೆ ಕಾಡಿನ ಪ್ರಾಣಿಗೆ ಕಾಡೇ ಅಡುಗೆಮನೆ. ನಾವು ಎಸೆದ ಒಂದು ಹಣ್ಣಿಗೆ ಹತ್ತು ಜಿಂಕೆಗಳು ರಸ್ತೆಯಂಚಿನಲ್ಲಿ ಮುತ್ತಿಕೊಂಡರೆ ಲಾರಿಗೆ ಸಿಕ್ಕುವ ಭಯ ಒಂದು, ರೋಗ ಹಂಚಿಕೊಳ್ಳುವ ಭಯ ಇನ್ನೊಂದು.

ಮಕ್ಕಳೂ ಹಿರಿಯರೂ ಮಾಡಬಹುದಾದದ್ದು

ಕಾಡಂಚಿನ ಊರಿನಲ್ಲಿ ಅಜ್ಜ–ಅಜ್ಜಿ ಇರುವ ಮಕ್ಕಳು ರಜೆಗೆ ಹೋದಾಗ ಕೆಲವು ವಿಷಯ ನೆನಪಿಟ್ಟುಕೊಳ್ಳಿ.

ಸತ್ತು ಬಿದ್ದ ಜಿಂಕೆಯನ್ನಾಗಲಿ ದನವನ್ನಾಗಲಿ ಮುಟ್ಟಬೇಡಿ. ಕೊಂಬು ಚೆನ್ನಾಗಿದೆಯೆಂದು ಹತ್ತಿರವೂ ಹೋಗಬೇಡಿ. ನೆರಡಿ ರೋಗ ಎಂಬುದೊಂದಿದೆ, ಆಂಥ್ರಾಕ್ಸ್ ಎನ್ನುತ್ತಾರೆ. ಅದು ದನಕ್ಕೂ ಜಿಂಕೆಗೂ ಆನೆಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಅದರಿಂದ ಸತ್ತ ಪ್ರಾಣಿಯ ಮೂಗು, ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುವುದುಂಟು. ಅಂಥದ್ದನ್ನು ಕೊಯ್ದರೆ ರೋಗದ ಬೀಜ ಮಣ್ಣಿಗೆ ಸೇರಿ ಹತ್ತಾರು ವರ್ಷ ಅಲ್ಲೇ ಕಾದಿರುತ್ತದೆ. ದೊಡ್ಡವರಿಗೆ ಹೇಳಿ. ದೊಡ್ಡವರು ಪಶು ವೈದ್ಯರಿಗೆ, ಅರಣ್ಯ ಇಲಾಖೆಯವರಿಗೆ ತಿಳಿಸಲಿ.

ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಗೆ ಹೋಗಿ ಬಂದರೆ ಕೈಕಾಲು, ಚಪ್ಪಲಿ ತೊಳೆಯಿರಿ. ನಮಗೆ ಆ ರೋಗ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ನಮ್ಮ ಚಪ್ಪಲಿಯ ಕೆಸರು ಅದನ್ನು ಪಕ್ಕದ ಕೊಟ್ಟಿಗೆಗೂ ಕೆರೆಯ ದಂಡೆಗೂ ಒಯ್ಯಬಹುದು. ರೋಗ ಬಂದ ದನವನ್ನು ಬೇರೆ ಕಟ್ಟಿ, ಸಾಮಾನ್ಯರ ಕೆರೆಗೆ ಬಿಡದೆ ಮನೆಯಲ್ಲೇ ನೀರು ಕೊಡಬೇಕು. ಸಂತೆಯಿಂದ, ಜಾತ್ರೆಯಿಂದ ಹೊಸ ದನ ತಂದರೆ ಎರಡು ಮೂರು ವಾರವಾದರೂ ಹಿಂಡಿಗೆ ಸೇರಿಸದೆ ನೋಡಬೇಕು. ಮೊದಲಿನವರು ಹೊರ ಊರಿನ ದನವನ್ನು ಗಡಿಯಲ್ಲಿ ತಡೆಯುತ್ತಿದ್ದರಲ್ಲ, ಇದೂ ಅದೇ ಜಾಣತನ. ಹಾಲನ್ನು ಕಾಯಿಸದೆ ಕುಡಿಯಬೇಡಿ. ದನದ ಕ್ಷಯವೂ, ದನ ಕಂದು ಹಾಕುವ ರೋಗವೂ ಹಸಿ ಹಾಲಿನಿಂದ ನಮಗೆ ಬರಬಹುದು.

ಕೊನೆಗೆ, ಅಜ್ಜನ ಮನೆಯ ಕೊಟ್ಟಿಗೆಗೆ ಹೋಗಿ ಪ್ರತಿಯೊಂದು ದನದ ಕಿವಿ ನೋಡಿ. ಹಳದಿ ಬಿಲ್ಲೆ ಇದೆಯೇ? ಹಿಂದಿನ ಲಸಿಕೆ ಯಾವ ತಿಂಗಳಲ್ಲಾಯಿತು? ಕ್ಯಾಲೆಂಡರಿನಲ್ಲಿ ಆರು ತಿಂಗಳು ಎಣಿಸಿ ಅಜ್ಜನಿಗೆ ಒಂದು ಗುರುತು ಹಾಕಿಕೊಡಿ. ಹಾಲು ಕೊಡದ ದನವನ್ನೂ ಎಣಿಕೆಯಲ್ಲಿ ಸೇರಿಸಿ. ನಿಮ್ಮ ಕೈ ಯಾವ ಜಿಂಕೆಯನ್ನೂ ಮುಟ್ಟುವುದಿಲ್ಲ, ಯಾವ ಜಿಂಕೆಗೂ ನಿಮ್ಮ ಹೆಸರು ಗೊತ್ತಾಗುವುದಿಲ್ಲ. ಆದರೆ ಆ ಕ್ಯಾಲೆಂಡರಿನ ಗುರುತಿನಿಂದ ಕಾಡಿನಲ್ಲಿ ಒಂದು ಮರಿ ಕುಂಟದೆ ಓಡುತ್ತಿರುತ್ತದೆ.